ಹಳೆಯ ಬೇಸ್ ಗಿಟಾರ್ ದನಿಯ ಸ್ಯಾಂಪಲ್ ಲೈಬ್ರರಿ: ರೆಕಾರ್ಡಿಂಗ್ ಹೇಗೆ?

ಪ್ರಶ್ನೆ: ಬೇಸ್‌ನ ಸ್ವರಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿ, ಕೀಬೋರ್ಡ್‌ನಲ್ಲಿ ನುಡಿಸುವಂಥ ಸ್ಯಾಂಪಲ್ ಲೈಬ್ರರಿ ಮಾಡುತ್ತಿದ್ದೇನೆ. 60ರ ದಶಕದ ಮೋಟೌನ್ (ಅಮೆರಿಕದ ಸೋಲ್ ಸಂಗೀತದ ರೆಕಾರ್ಡ್ ಕಂಪನಿ) ಹಾಡುಗಳಲ್ಲಿರುವ ದುಂಡಗಿನ, ಬೇಗ ಆರುವ ಬೇಸ್ ದನಿ ಬೇಕು. ನನ್ನ ಫೆಂಡರ್ ಪ್ರೆಸಿಷನ್ ಬೇಸ್‌ಗೆ ಹೊಸ ರೌಂಡ್‌ವೂಂಡ್ (ದುಂಡು ಸರಿಗೆ ಸುತ್ತಿದ) ತಂತಿ ಇದೆ. ಟ್ರೆಬಲ್ ಇಳಿಸಿದರೆ ಬರೀ ಮಂಕಾಗುತ್ತದೆ. ಒಂದೇ ಸ್ವರ ಸತತ ಬಂದರೆ ಮಷಿನ್ ಗನ್ ಥರ ಕೇಳಿಸುತ್ತದೆ.

ಉತ್ತರ 1: ಆ ದನಿ ಇಕ್ಯೂನಿಂದ (ಟ್ರೆಬಲ್, ಬೇಸ್ ಏರಿಳಿಸುವುದರಿಂದ) ಬರೋದಿಲ್ಲ, ತಂತಿಯಿಂದಲೇ ಬರಬೇಕು. ಫ್ಲಾಟ್‌ವೂಂಡ್ (ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ) ಹಾಕಿ. ಮೋಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರೆಸಿಷನ್‌ಗೆ ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೂಂಡ್ ಹಾಕಿ, ಬ್ರಿಡ್ಜ್ ಬಳಿ ಸ್ಪಂಜು ಇಟ್ಟು, ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ಸ್ಪಂಜು ತಂತಿಗೆ ತಾಗಿದರೆ ಸಾಕು. ಒತ್ತಿ ತುರುಕಿದರೆ ಸ್ವರ ಸತ್ತು ಬರೀ 'ಟಪ್' ಉಳಿಯುತ್ತದೆ. ಆಂಪ್ ಬೇಡ, ಡಿಐನಿಂದ (ಗಿಟಾರನ್ನು ರೆಕಾರ್ಡರ್‌ಗೆ ನೇರ ಜೋಡಿಸುವ ಪೆಟ್ಟಿಗೆ) 24 ಬಿಟ್‌ನಲ್ಲಿ ತೆಗೆದುಕೊಳ್ಳಿ.

ಉತ್ತರ 2: ಮಷಿನ್ ಗನ್‌ಗೆ ಮದ್ದು ರೌಂಡ್ ರಾಬಿನ್, ಅಂದರೆ ಒಂದೇ ಸ್ವರದ ಹಲವು ರೆಕಾರ್ಡಿಂಗ್‌ಗಳನ್ನು ಸರದಿಯಲ್ಲಿ ನುಡಿಸುವುದು. 4 ತಂತಿ, ಪ್ರತಿಯೊಂದರಲ್ಲೂ ಖಾಲಿ ತಂತಿಯಿಂದ 12ನೇ ಫ್ರೆಟ್‌ವರೆಗೆ 13 ಸ್ವರ, 3 ವೆಲಾಸಿಟಿ (ಮೀಟಿನ ಜೋರು), 4 ಸಲ ಮೀಟು: ಒಟ್ಟು 624 ಸ್ಯಾಂಪಲ್. ಹೆಚ್ಚೆನಿಸಿದರೆ ಫ್ರೆಟ್ ಬಿಟ್ಟು ಫ್ರೆಟ್ ತೆಗೆಯಿರಿ, ರೌಂಡ್ ರಾಬಿನ್ ಮಾತ್ರ ಕಡಿಮೆ ಮಾಡಬೇಡಿ. ಪ್ರತಿ ಫೈಲನ್ನೂ ಬೇರೆಬೇರೆಯಾಗಿ ನಾರ್ಮಲೈಸ್ ಮಾಡಿದರೆ (ಗರಿಷ್ಠ ಮಟ್ಟಕ್ಕೆ ಏರಿಸಿದರೆ) ಮೆಲುವಾದ ಮೀಟೂ ಜೋರಿನದ್ದೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಜೋರಾಗಿ ಮೀಟಿದಾಗ ಶುರುವಿನಲ್ಲಿ ಸ್ವರ ತುಸು ಏರಿ ಇಳಿಯುತ್ತದೆ, ಅದನ್ನು ತಿದ್ದಬೇಡಿ. ಶ್ರುತಿ ಅಳೆಯುವುದು ಸ್ವರ ನಿಂತ ಮೇಲೆ.

ಪ್ರಶ್ನೆ ಕೇಳಿದವರು: ಬೆರಳೆತ್ತಿದಾಗಿನ ಸದ್ದೂ ಬೇಕೇ?

ಉತ್ತರ 2: ಖಂಡಿತ ಬೇಕು. ಬೇರೆಯಾಗಿ ರೆಕಾರ್ಡ್ ಮಾಡಿ, ನೋಟ್-ಆಫ್‌ಗೆ (ಕೀ ಬಿಟ್ಟಾಗಿನ ಸಂಕೇತಕ್ಕೆ) ಜೋಡಿಸಿ, ಕಿವಿಗೆ ಎದ್ದು ಕಾಣದಷ್ಟು ಮೆಲ್ಲಗಿಡಿ.