ಪಶ್ಚಿಮದ ಬಿಸಿಲಿಗೆ ಯಾವ ಗಿಡ?

ಪ್ರಶ್ನೆ:
ನಮ್ಮದು ವಿಜಯಪುರ. ಮನೆ ಮುಂದೆ ಇಟ್ಟಿಗೆ ಕಟ್ಟಿ ಎರಡು ಸಣ್ಣ ಹೂವಿನ ಮಡಿ ಮಾಡಿಸಿದ್ದೇವೆ. ಉದ್ದ 5 ಅಡಿ, ಅಗಲ 2 ಅಡಿ, ಆಳ ಒಂದೂವರೆ ಅಡಿ. ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು. ವಾರಕ್ಕೊಮ್ಮೆ ನೀರು ಹಾಕಿದರೂ ಬಾಳುವ ಗಿಡ ಬೇಕು. ಮೊಮ್ಮಗ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ತಾನೆ. ಕಣಗಿಲೆ ಹಾಕಬಹುದಾ?

ಉತ್ತರ 1:
ಕಣಗಿಲೆ ಬೇಡವೇ ಬೇಡ ಅಕ್ಕಾ. ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಕಾಶಿ ಕಣಗಿಲೆಯನ್ನೂ ಈಗ ಬಿಡಿ. ಮುಳ್ಳಿಲ್ಲದ ನೇರಳೆ ಗೋರಂಟೆ ಹಾಕಿ. ನನಗೆ ತುಂಬಾ ಇಷ್ಟದ ಗಿಡ ಅದು. ಚಳಿಗಾಲದಲ್ಲಿ ಮೈತುಂಬಾ ಹೂ ಬಿಡುತ್ತದೆ, ಮುಡಿಯೋಕೂ ಆಗುತ್ತದೆ. ಹೂ ಮುಗಿದ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸಿ. ಮಡಿಗೆ ಎರಡೇ ಸಾಕು. ಜಾಸ್ತಿ ಹಾಕಿದರೆ ಬೇರಿಗೆ ಜಾಗ ಸಾಲುವುದಿಲ್ಲ.

ಉತ್ತರ 2:
ಬರೀ ಎರೆ ಮಣ್ಣು ತುಂಬಿಸಬೇಡಿ. ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕೆಂಪು ಮಣ್ಣು, ದಪ್ಪ ಮರಳು, ಸ್ವಲ್ಪ ಹಳೇ ಗೊಬ್ಬರ ಸೇರಿಸಿ. ಮಡಿ ತಳದಲ್ಲಿ ನೀರು ಹೋಗೋಕೆ ತೂತು ಇದೆ ಅಲ್ವಾ? ಮೇಲೆ ಎರಡು ಇಂಚು ಶೇಂಗಾ ಹೊಟ್ಟು ಹರಡಿ, ತೇವ ಬೇಗ ಆರುವುದಿಲ್ಲ.

ಉತ್ತರ 3:
ಲ್ಯೂಕೋಫಿಲ್ಲಂ ಕೂಡ ನೋಡಿ. ಮೆಕ್ಸಿಕೋ, ಟೆಕ್ಸಾಸ್ ಕಡೆಯ ಒಣನೆಲದ ಗಿಡ. ಬೂದು ಎಲೆ, ನೇರಳೆ ಹೂ. ಆದರೆ ಯಾವ ಗಿಡವೇ ಆಗಲಿ, ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ ನೀರು ಸಾಲದು. ಜೂನ್ ಮಳೆ ಹಿಡಿದ ಮೇಲೆ ನೆಡಿ, ಬೇಸಿಗೆಯೊಳಗೆ ಬೇರು ಆಳಕ್ಕೆ ಇಳಿದಿರುತ್ತದೆ.

ಪ್ರಶ್ನೆ ಕೇಳಿದವರು:
ತಳದಲ್ಲಿ ತೂತು ಬಿಟ್ಟಿಲ್ಲ. ನಾಳೆಯೇ ಗೌಂಡಿಯನ್ನು ಕರೆಸುತ್ತೇನೆ. ಗೋರಂಟೆ ಕಡ್ಡಿ ನೆಟ್ಟರೆ ಬರುತ್ತದಾ?

ಉತ್ತರ 1:
ಚೆನ್ನಾಗಿ ಬರುತ್ತದೆ. ಗೇಣುದ್ದದ ಕಡ್ಡಿ ಸಾಕು, ನೆರಳಲ್ಲಿ ಚಿಗುರಿಸಿ.