ಅಪ್‌ಡೇಟ್: ಶಿರಸಿಯ ನಮ್ಮ ಕಾಲೇಜು ಗ್ರಂಥಾಲಯಕ್ಕೆ ಅನುದಾನ ದೊರೆಯಿತು

ಗ್ರಂಥಾಲಯದ ತಾಳೆಗರಿಗಳನ್ನೂ ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳನ್ನೂ ಡಿಜಿಟಲೀಕರಿಸಲು ಹಣ ಎಲ್ಲಿ ಸಿಗಬಹುದೆಂದು ಮೂರು ವಾರಗಳ ಹಿಂದೆ ಕೇಳಿದ್ದೆ. ಹಲವರು ಸೂಚಿಸಿದ್ದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ದಾರಿ ನಮಗೆ ಒದಗಲಿಲ್ಲ. 1972ರಲ್ಲಿ ಸ್ಥಾಪನೆಯಾದ, ಕೋಲ್ಕತ್ತದಲ್ಲಿರುವ ಆ ಸಂಸ್ಥೆಯ ನೆರವು ಮುಖ್ಯವಾಗಿ ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲುತ್ತದೆ. ಹಳೆಯ ದಾಖಲೆಗಳ ಡಿಜಿಟಲೀಕರಣಕ್ಕೆ ಅನುದಾನ ಕೊಡುವ ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯಲ್ಲಿ ಮೂಲ ಪ್ರತಿಗಳು ದೇಶ ಬಿಟ್ಟು ಹೋಗುವುದಿಲ್ಲವೆಂದು ತಿಳಿದು ಅಚ್ಚರಿಯೂ ಸಮಾಧಾನವೂ ಆಯಿತು. ಅದಕ್ಕೆ ಮುಂದೆ ಅರ್ಜಿ ಹಾಕುವ ಯೋಚನೆಯಿದೆ.

ಕೊನೆಗೆ ಫಲಿಸಿದ್ದು, ಮೊದಲು ಊರಿನ ಅಡಿಕೆ ಬೆಳೆಗಾರರ ಸಹಕಾರಿ ಸಂಘವನ್ನು ಕೇಳಿ ಎಂದವರ ಸಲಹೆ. ಸಂಘದವರು ಕ್ಯಾಮೆರಾದ ಬೆಲೆಗಿಂತ ಹೆಚ್ಚಾಗಿ, ಚಿತ್ರೀಕರಿಸಿದ ಕಡತಗಳನ್ನು ಐದು ವರ್ಷಗಳ ನಂತರ ಯಾರು ನೋಡಿಕೊಳ್ಳುತ್ತಾರೆಂದು ವಿಚಾರಿಸಿದರು. ನನ್ನ ಅರ್ಜಿಯಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ! ಎರಡು ಸ್ಥಳಗಳಲ್ಲಿ ಪ್ರತಿ ಇಡುವ ವ್ಯವಸ್ಥೆಯನ್ನು ಬರೆದುಕೊಟ್ಟ ಮೇಲೆ ಮೊದಲ ಕಂತು ಮಂಜೂರಾಗಿದೆ.