ಹೊಸ ಕುದುರೆಯ ಮೂಗು ಸುರಿಯುತ್ತಿದೆ, ಲಾಯದ ಉಳಿದ ಕುದುರೆಗಳ ಗತಿ ಏನು? ಅನುಭವ ಇದ್ದವರು ಹೇಳಿ

ಪ್ರಶ್ನೆ (ಟಾಂಗಾದವರ ಮನೆ ಹುಡುಗ, ಮೈಸೂರು):
ಎಲ್ಲರಿಗೂ ನಮಸ್ಕಾರ. ನನ್ನ ಮಾವ ಮೈಸೂರಿನಲ್ಲಿ ಟಾಂಗಾ ಓಡಿಸುತ್ತಾರೆ. ಅರಮನೆ ಸುತ್ತ ಪ್ರವಾಸಿಗರ ಸವಾರಿ, ಲಗ್ನದ ದಿನಗಳಲ್ಲಿ ಸಾರೋಟು. ದಸರಾ ಹತ್ತಿರ ಬಂತು ಅಂತ ಬೆಂಗಳೂರಿನ ಮದುವೆ ಕುದುರೆಯವರೊಬ್ಬರಿಂದ ಇನ್ನೊಂದು ಕುದುರೆ ಕೊಂಡು ತಂದರು. ಬಂದ ವಾರದೊಳಗೆ ಅದರ ಮೂಗಿನಿಂದ ಗಟ್ಟಿ ಹಳದಿ ಸಿಂಬಳ ಶುರುವಾಗಿದೆ, ಹುರುಳಿಯನ್ನೂ ಅರ್ಧಕ್ಕೆ ಬಿಡುತ್ತಿದೆ. ಲಾಯದಲ್ಲಿ ಬೇರೆಯವರದ್ದೂ ಸೇರಿ ಏಳೆಂಟು ಕುದುರೆ ಇವೆ. ಎಲ್ಲಕ್ಕೂ ನೀರಿಗೆ ಒಂದೇ ಸಿಮೆಂಟ್ ತೊಟ್ಟಿ. ಒಬ್ಬರು ಶೀತ, ಬೆಲ್ಲ ಶುಂಠಿ ಕೊಡಿ ಅಂತಾರೆ. ಇನ್ನೊಬ್ಬರು ಗ್ಲ್ಯಾಂಡರ್ಸ್ (ಮನುಷ್ಯರಿಗೂ ಹರಡುವ ಕುದುರೆಗಳ ಮಾರಕ ಅಂಟುರೋಗ) ಇರಬಹುದು, ಸರ್ಕಾರದವರಿಗೆ ಗೊತ್ತಾದರೆ ಎಲ್ಲಾ ಕುದುರೆ ಕೊಲ್ತಾರೆ, ಬಾಯಿ ಮುಚ್ಕೊಂಡಿರಿ ಅಂತಾರೆ. ಮನೆ ಮಕ್ಕಳು ಲಾಯದಲ್ಲೇ ಆಡುತ್ತವೆ. ಮೊದಲು ಏನು ಮಾಡಬೇಕು?

ಹಳೇ ಟಾಂಗಾವಾಲ, ಮೈಸೂರು:
ತಮ್ಮಾ, ಮೊದಲು ಆ ಕುದುರೆನ ತೊಟ್ಟಿಯಿಂದ ಬಿಡಿಸು. ಡಾಕ್ಟ್ರು ಆಮೇಲೆ, ಔಷಧಿ ಆಮೇಲೆ. ಇವತ್ತು ಸಂಜೆ ಒಳಗೆ ಅದಕ್ಕೇ ಅಂತ ಒಂದು ಬಕೆಟ್ಟು, ಒಂದು ಮೇವಿನ ಬುಟ್ಟಿ, ಮೈ ತಿಕ್ಕೋ ಬ್ರಷ್ಷು, ಕಡಿವಾಣ, ಹಗ್ಗ ಎಲ್ಲಾ ಬೇರೆ ಮಾಡು. ಸಾಲಿನ ಕೊನೇಲಿ ಕಟ್ಟಿದ್ರೆ ಸಾಲದು, ಗೋಡೆ ಆಚೆ ಕಟ್ಟಬೇಕು. ಜಾಗ ಇಲ್ಲ ಅಂದ್ರೆ ಯಾರದಾದ್ರೂ ಖಾಲಿ ಸೈಟು ಕೇಳು. ನೋಡ್ಕೊಳ್ಳೋಕೆ ಒಬ್ಬನೇ ಇದ್ರೆ ಚೆನ್ನಾಗಿರೋ ಕುದುರೆಗಳ ಕೆಲಸ ಮೊದಲು ಮುಗಿಸಲಿ, ಕಾಯಿಲೆದು ಕೊನೆಗೆ. ಆಮೇಲೆ ಕೈಕಾಲು ತೊಳ್ಕೊಂಡು, ಬಟ್ಟೆ ಬದಲಾಯಿಸಿ ಮನೆಗೆ ಹೋಗಲಿ.

ಇನ್ನೊಂದು ಯಾರೂ ಹೇಳಲ್ಲ, ನಲ್ಲಿ ಪೈಪು. ಬಕೆಟ್ ಬೇರೆ ಮಾಡ್ತಾರೆ, ಪೈಪಿನ ತುದಿ ಮಾತ್ರ ಒಂದು ಬಕೆಟ್ಟಿಂದ ಇನ್ನೊಂದಕ್ಕೆ ಮುಳುಗಿಸ್ತಾ ಹೋಗ್ತಾರೆ. ಆಗ ಬಕೆಟ್ ಬೇರೆ ಮಾಡಿ ಏನು ಬಂತು? ಲಾಳ ಹೊಡೆಯೋನಿಗೂ ಹೇಳು, ಅವನು ದಿನಕ್ಕೆ ಎಷ್ಟೋ ಲಾಯ ತಿರುಗೋನು, ನಿಮ್ಮದಕ್ಕೆ ಕೊನೆಗೆ ಬರಲಿ. ಲಾಯದ ಉಳಿದವರಿಗೆ ನೀನೇ ಹೇಳು. ಕೂಗಾಡ್ತಾರೆ, ಕೂಗಾಡಲಿ. ಬೇರೆ ಬಾಯಿಂದ ಗೊತ್ತಾದ್ರೆ ಅದಕ್ಕಿಂತ ಹೆಚ್ಚು ಕೂಗಾಡ್ತಾರೆ.

ಪಶುವೈದ್ಯೆ, ಬೆಂಗಳೂರು:
ಮೇಲಿನವರು ಹೇಳಿದ್ದರಲ್ಲಿ ಒಂದಕ್ಷರ ಬದಲಿಸಬೇಕಿಲ್ಲ. ನಾನು ರೋಗದ ಬಗ್ಗೆ ಹೇಳುತ್ತೇನೆ.

ಹಳದಿ ಸಿಂಬಳ ನೋಡಿ ಇಂಥದೇ ರೋಗ ಎನ್ನಲು ಬರುವುದಿಲ್ಲ. ಸ್ಟ್ರ್ಯಾಂಗಲ್ಸ್‌ನಲ್ಲೂ (ದವಡೆ, ಗಂಟಲಿನ ಗ್ರಂಥಿ ಊದಿ ಕೀವಾಗುವ ಕುದುರೆಗಳ ಅಂಟುರೋಗ) ಹೀಗೇ ಸುರಿಯುತ್ತದೆ, ಗ್ಲ್ಯಾಂಡರ್ಸ್‌ನಲ್ಲೂ ಸುರಿಯುತ್ತದೆ. ಮೇಲ್ದವಡೆಯ ಹಲ್ಲು ಕೊಳೆತು ಸೈನಸ್‌ನಲ್ಲಿ ಕೀವು ತುಂಬಿದರೂ ಸುರಿಯುತ್ತದೆ, ಆಗ ಸಾಮಾನ್ಯವಾಗಿ ಒಂದೇ ಹೊಳ್ಳೆಯಿಂದ, ದುರ್ವಾಸನೆಯ ಜೊತೆಗೆ. ದವಡೆಯ ಕೆಳಗೆ ಎರಡೂ ಕಡೆ ಬಿಸಿಯಾದ, ಮುಟ್ಟಿದರೆ ನೋಯುವ ಗಡ್ಡೆ ಇದ್ದರೆ ಸ್ಟ್ರ್ಯಾಂಗಲ್ಸ್ ಕಡೆಗೆ ಅನುಮಾನ ವಾಲುತ್ತದೆ. ತೊಡೆಯ ಒಳಭಾಗದಲ್ಲಿ, ಕಾಲಿನ ಉದ್ದಕ್ಕೆ ಸಾಲುಸಾಲಾಗಿ ಗಂಟುಗಳೆದ್ದು ಒಡೆದು ಅಂಟಂಟು ಕೀವು ಬರುತ್ತಿದ್ದರೆ, ಕುದುರೆ ಸೊರಗುತ್ತಾ ಹೋಗುತ್ತಿದ್ದರೆ ಗ್ಲ್ಯಾಂಡರ್ಸ್ ಎಂದು ಗಟ್ಟಿಯಾಗಿ ಯೋಚಿಸಬೇಕು. ಮೂಗಿನೊಳಗೂ ಹುಣ್ಣಾಗುತ್ತದೆ. ಆದರೆ ನೀವು ಟಾರ್ಚ್ ಹಿಡಿದು ಹೊಳ್ಳೆಯೊಳಗೆ ಇಣುಕಬೇಡಿ. ಅದು ಸೀನಿದರೆ ನಿಮ್ಮ ಕಣ್ಣು ಬಾಯಿಗೇ ಬರುತ್ತದೆ. ಈ ರೋಗಾಣು ಮನುಷ್ಯರಿಗೂ ತಗಲುತ್ತದೆ, ಗಾಯದ ಚರ್ಮದಿಂದ, ಕಣ್ಣು ಮೂಗಿನಿಂದ. ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಕುತ್ತು. ಮನುಷ್ಯರಿಗಾಗಲಿ ಕುದುರೆಗಾಗಲಿ ಲಸಿಕೆ ಇಲ್ಲ. ಹಾಗಾಗಿ ಪರೀಕ್ಷೆ ಆಗುವವರೆಗೆ ಮಕ್ಕಳು ಆ ಕಡೆ ಹೋಗಲೇಬಾರದು. ನೋಡಿಕೊಳ್ಳುವವರು ಕೈಗವಸು, ಮಾಸ್ಕ್ ಹಾಕಿಕೊಳ್ಳಲಿ. ಕೈ ಮೇಲೆ ಗಾಯ ಇದ್ದವರು ಬೇಡ.

ದಯವಿಟ್ಟು ಔಷಧಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ಇಂಜೆಕ್ಷನ್ ತಂದು ಹಾಕಿಸಬೇಡಿ. ಮೊದಲು ರಕ್ತ ಮತ್ತು ಸಿಂಬಳದ ಮಾದರಿ ಹೋಗಲಿ. ಗ್ಲ್ಯಾಂಡರ್ಸ್ ಆಗಿದ್ದರೆ ಅರೆಬರೆ ಔಷಧಿಯಿಂದ ಮೂಗು ಒಣಗುತ್ತದೆ, ರೋಗ ಒಳಗೇ ಉಳಿದು ಕುದುರೆ ಹಂಚುತ್ತಾ ಓಡಾಡುತ್ತದೆ. ನಮ್ಮ ದೇಶದಲ್ಲಿ ಗ್ಲ್ಯಾಂಡರ್ಸ್ ಖಚಿತವಾದ ಕುದುರೆಗೆ ಚಿಕಿತ್ಸೆ ಕೊಡುವಂತಿಲ್ಲ.

ಈಗ "ಬಾಯಿ ಮುಚ್ಕೊಂಡಿರಿ" ಎಂದವರಿಗೆ. 1899ರಲ್ಲೇ ಈ ರೋಗಕ್ಕಾಗಿ ಪ್ರತ್ಯೇಕ ಕಾಯ್ದೆ ಇತ್ತು. ಈಗ ಇರುವುದು ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕಾಯ್ದೆ. ಅನುಮಾನ ಬಂದ ಮೇಲೆ ತಿಳಿಸುವುದು ಮಾಲೀಕರ ಹೊಣೆ. ಎಲ್ಲಾ ಕುದುರೆ ಕೊಲ್ತಾರೆ ಎನ್ನುವುದು ಸುಳ್ಳು. ಪ್ರಯೋಗಾಲಯದಲ್ಲಿ ಖಚಿತವಾದ ಕುದುರೆಯನ್ನು ಮಾತ್ರ ದಯಾಮರಣಕ್ಕೆ ಒಳಪಡಿಸಿ ಸುಣ್ಣ ಹಾಕಿ ಆಳವಾಗಿ ಹೂಳುತ್ತಾರೆ, ಉಳಿದವುಗಳ ರಕ್ತ ಪರೀಕ್ಷೆ ಆಗುತ್ತದೆ. ಅಂತಿಮ ಮಾತು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ್ದು. ನೀವು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. "ಕುದುರೆ, ಮೂಗಿನಲ್ಲಿ ಕೀವು, ಬೇರೆ ಜಿಲ್ಲೆಯಿಂದ ಈಚೆಗೆ ಬಂದದ್ದು" ಎಂದು ಇಷ್ಟನ್ನೂ ಹೇಳಿ. ಬರೀ ಶೀತ ಎಂದರೆ ಬರುವವರೂ ಶೀತದ ತಯಾರಿಯಲ್ಲೇ ಬರುತ್ತಾರೆ.

ಮದುವೆ ಕುದುರೆ, ಶಿವಾಜಿನಗರ:
ಮೇಡಂ ಹೇಳಿದ್ದು ಸರಿ. ಆದರೆ ಜನ ಯಾಕೆ ಮುಚ್ಚಿಡ್ತಾರೆ ಅನ್ನೋದನ್ನೂ ಯಾರಾದರೂ ಹೇಳಬೇಕಲ್ಲ, ನಾನೇ ಹೇಳ್ತೀನಿ. ಕೆಲವು ವರ್ಷದ ಹಿಂದೆ ಇಲ್ಲೇ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ಕುದುರೆಗೆ ಗ್ಲ್ಯಾಂಡರ್ಸ್ ಅಂತ ಖಚಿತವಾದಾಗ ಸುತ್ತ 5 ಕಿಲೋಮೀಟರ್ ರೋಗಪೀಡಿತ ವಲಯ ಅಂತ ಘೋಷಣೆ ಆಯ್ತು. ನಮ್ಮ ಕುದುರೆಗೆ ಏನೂ ಇರಲಿಲ್ಲ. ಆದ್ರೆ ಕುದುರೆ ಹೊರಗೆ ಹೋಗೋ ಹಾಗಿಲ್ಲ. ಒಪ್ಪಿಕೊಂಡ ಮದುವೆಗಳ ಮುಂಗಡ ವಾಪಸ್, ಹುರುಳಿ ಬೂಸಾ ಖರ್ಚು ಮಾತ್ರ ಹಾಗೇ ಇತ್ತು. ಕುದುರೆ ಸತ್ತವನಿಗೆ ಪರಿಹಾರ ಅಂತ ಏನೋ ಒಂದಿದೆ, ಒಳ್ಳೇ ಕುದುರೆಯ ಬೆಲೆಗೆ ಅದು ಎಲ್ಲೂ ಸಾಟಿಯಿಲ್ಲ. ಕೂತು ತಿಂದವನಿಗೆ ಅದೂ ಇಲ್ಲ.

ಆದರೂ ಮುಚ್ಚಿಡಬೇಡಿ ಅಂತಲೇ ನನ್ನ ಮಾತೂ. ಯಾಕಂದ್ರೆ ನಮ್ಮ ಕುದುರೆ ಎಲ್ಲೆಲ್ಲಿ ತಿರುಗುತ್ತೆ ಅಂತ ನಮಗೇ ಲೆಕ್ಕ ಇರಲ್ಲ. ಇವತ್ತು ಟ್ಯಾನರಿ ರೋಡು, ನಾಳೆ ಹೊಸೂರು, ನಾಡಿದ್ದು ಮಗು ಹುಟ್ಟುಹಬ್ಬಕ್ಕೆ ಲೇಔಟಿನಲ್ಲಿ ರೌಂಡು. ಜರಿ ಜೂಲು, ತಲೆಗೆ ಕಟ್ಟೋ ಗೊಂಡೆ, ಕಡಿವಾಣ ಎಲ್ಲಾ ಬಾಡಿಗೆಗೆ ಬರ್ತವೆ. ಒಂದು ಕುದುರೆ ಬೆವರಿನ ಮೇಲೆ ಇನ್ನೊಂದಕ್ಕೆ. ತೊಳೆಯೋಕೆ ಹೋದ್ರೆ ಜರಿ ಹಾಳಾಗುತ್ತೆ ಅಂತ ಯಾರೂ ತೊಳೆಯಲ್ಲ. ನಿಮ್ಮ ಮಾವ ಕೊಂಡ ಕುದುರೆ ಹಿಂದಿನ ತಿಂಗಳು ಯಾವ ಲಾಯದಲ್ಲಿತ್ತು, ಅಲ್ಲಿ ಬೇರೆ ಕುದುರೆ ಕೆಮ್ಮುತ್ತಿತ್ತಾ ಅಂತ ಮಾರಿದವನಿಗೆ ಫೋನ್ ಮಾಡಿ ಕೇಳಿ. ಜಗಳ ಆಡಬೇಡಿ, ಜಗಳಕ್ಕೆ ನಿಂತರೆ ಅವನು ನಿಜ ಹೇಳಲ್ಲ. ನಾನಂತೂ ಈಗ ರಕ್ತದ ರಿಪೋರ್ಟ್ ಇಲ್ಲದೆ ಕುದುರೆ ಕೊಳ್ಳಲ್ಲ. ಬೆಲೆ ಹೆಚ್ಚಾಗುತ್ತೆ, ಆಗಲಿ.

ಪಶುವೈದ್ಯೆ, ಬೆಂಗಳೂರು:
ಒಂದು ಸೇರಿಸುತ್ತೇನೆ. ಆ 5 ಕಿಲೋಮೀಟರ್ ನಿಯಮ 2019ರ ರಾಷ್ಟ್ರೀಯ ಕ್ರಿಯಾ ಯೋಜನೆಯದು. 2025ರ ಪರಿಷ್ಕರಣೆಯಲ್ಲಿ ಅದನ್ನು 2 ಕಿಲೋಮೀಟರಿಗೆ, ಅದರಾಚೆ ಕುದುರೆಗಳ ಮೇಲೆ ನಿಗಾ ಇಡುವ ಕಣ್ಗಾವಲು ವಲಯವನ್ನು 25ರಿಂದ 10 ಕಿಲೋಮೀಟರಿಗೆ ಇಳಿಸಿದ್ದಾರೆ. ಪರಿಹಾರದ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ. ರೋಗವಿಲ್ಲದ ಕುದುರೆಯನ್ನು ಕಟ್ಟಿಹಾಕಿಸಿದರೆ ಮೇವಿನ ಖರ್ಚಾದರೂ ಕೊಡಬೇಕು ಎಂದು ನಾವೂ ಹೇಳುತ್ತಲೇ ಇದ್ದೇವೆ.

ಬೆಳಗಾವಿಯವ:
ಭಾಳ ಹೆದರಬ್ಯಾಡ್ರಿ ತಮ್ಮ. ನಮ್ಮ ಲಾಯದಾಗ ಹಿಂಗs ಮೂಗು ಸುರೀತಿತ್ತು, ದವಡಿ ಕೆಳಗ ಲಿಂಬಿಕಾಯಿಯಷ್ಟು ಗಡ್ಡಿ. ಸ್ಟ್ರ್ಯಾಂಗಲ್ಸ್ ಅಂದ್ರು ಡಾಕ್ಟರು. ಬಿಸಿನೀರಿನ ಶಾಖ ಕೊಟ್ಟು ಹಣ್ಣಾಗಿಸಿದ್ವಿ, ಆಮ್ಯಾಲ ಅವರs ಕೊಯ್ದು ಕೀವು ತೆಗದ್ರು. ಹಣ್ಣಾಗೂ ಮೊದಲ ಬ್ಲೇಡ್ ಹಚ್ಚಬ್ಯಾಡ್ರಿ. ಆ ಕೀವು ನೆಲದ ಮ್ಯಾಲ ಬಿದ್ರ ಅದs ರೋಗ, ಬಟ್ಟಿ ಹಿಡದು ಸುಟ್ಟುಬಿಡ್ರಿ. ನುಂಗಾಕ ತ್ರಾಸ ಆಗ್ತದ, ಅದಕ್ಕ ಹುಲ್ಲು ನೆನಸಿ, ಬೂಸಾ ಗಂಜಿ ಮಾಡಿ ಕೊಡ್ರಿ. ಉಸಿರಾಡುವಾಗ ಗೊರಗೊರ ಸಪ್ಪಳ ಬಂದ್ರ ಮಾತ್ರ ರಾತ್ರಿ ಆದ್ರೂ ಡಾಕ್ಟರ್‌ನ ಕರೀರಿ.

ನಿವೃತ್ತ ಸೈಸ್ (ಕುದುರೆ ನೋಡಿಕೊಳ್ಳುವವ), ಬೆಂಗಳೂರು:
ರೇಸ್ ಕುದುರೆಗಳ ಜೊತೆ ಬದುಕಿದವನು ನಾನು. ಅಲ್ಲಿ ಕಲಿತ ಒಂದೇ ವಿಷಯ ಟಾಂಗಾದವರಿಗೆ ಹೇಳೋದು: ಥರ್ಮಾಮೀಟರ್ ಇಟ್ಟುಕೊಳ್ಳಿ. ಉಳಿದ ಏಳು ಕುದುರೆಗೂ ಬೆಳಿಗ್ಗೆ ಸಂಜೆ ಜ್ವರ ನೋಡಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಆರೋಗ್ಯವಾಗಿರೋ ಕುದುರೆಗೆ 99.5ರಿಂದ 101.3 ಡಿಗ್ರಿ ಫ್ಯಾರನ್‌ಹೀಟ್. ಸ್ಟ್ರ್ಯಾಂಗಲ್ಸ್‌ನಲ್ಲಿ ಜ್ವರ ಮೊದಲು ಬರುತ್ತೆ, ರೋಗ ಹಂಚೋಕೆ ಶುರುವಾಗೋದು ಅದಾದ ಮೇಲೆ ಒಂದೆರಡು ದಿನಕ್ಕೆ. ಮೂಗು ನೋಡ್ತಾ ಕೂತರೆ ತಡ ಆಯ್ತು. ಜ್ವರ ಏರಿದ ದಿನವೇ ಆ ಕುದುರೆನ ಆಚೆ ಕಟ್ಟಿದರೆ ಉಳಿದವು ಉಳೀತವೆ.

ಜ್ವರ, ಮೂಗಿಂದ ನೀರು, ಒಣ ಕೆಮ್ಮು ಒಟ್ಟಿಗೆ ಎಲ್ಲಾ ಕುದುರೆಗೂ ಶುರುವಾದರೆ ಅದು ಫ್ಲೂ ಇರಬಹುದು. 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ, ವೈಷ್ಣೋದೇವಿ ಯಾತ್ರಿಕರನ್ನ ಹೊರೋ ಕುದುರೆ ಹೇಸರಗತ್ತೆಗಳಲ್ಲಿ ಕಾಣಿಸಿಕೊಂಡಿದ್ದು ನಮ್ಮ ಕರ್ನಾಟಕದವರೆಗೂ ಬಂತು. ಕುದುರೆ ಲಾರಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಫ್ಲೂ ಹೋಗುತ್ತೆ. ಅದರಲ್ಲಿ ಸಾಯೋದು ಕಡಿಮೆ, ಕೆಲಸಕ್ಕೆ ಬೇಗ ಕಟ್ಟಿದರೆ ಮಾತ್ರ ಎದೆ ಕೆಟ್ಟು ಹೋಗುತ್ತೆ. ಜ್ವರ ಇದ್ದ ಒಂದೊಂದು ದಿನಕ್ಕೆ ಒಂದೊಂದು ವಾರ ವಿಶ್ರಾಂತಿ ಅನ್ನೋದು ನಮ್ಮಲ್ಲಿ ಲೆಕ್ಕ. ದಿನದ ದುಡಿಮೆಯಲ್ಲಿ ಮನೆ ನಡೆಸೋರಿಗೆ ಇದು ಹೇಳಿದಷ್ಟು ಸುಲಭ ಅಲ್ಲ, ಗೊತ್ತು.

ಪ್ರಶ್ನೆ ಕೇಳಿದವನು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾಂಗಾ ಚಾಚಾ ಹೇಳಿದ ಹಾಗೆ ಅವತ್ತೇ ಬೇರೆ ಕಟ್ಟಿದೆವು. ಸರ್ಕಾರಿ ಡಾಕ್ಟರು ಬಂದು ರಕ್ತ, ಸಿಂಬಳ ತೆಗೆದುಕೊಂಡು ಹೋಗಿದ್ದಾರೆ. ಮೇಡಂ, ಇನ್ನೆರಡು ಸಂಗತಿ. ತೊಟ್ಟಿಯನ್ನು ಏನು ಹಾಕಿ ತೊಳೆಯಬೇಕು? ಆಮೇಲೆ, ನಮ್ಮ ಇನ್ನೊಂದು ಕುದುರೆಯ ಮೂತಿಗೆ ಹೋದ ವಾರ ಬೀದಿನಾಯಿ ಕಚ್ಚಿತ್ತು, ಅರಿಶಿನ ಹಚ್ಚಿ ಬಿಟ್ಟಿದ್ದಾರೆ. ಇದೇ ಗಲಾಟೆಯಲ್ಲಿ ಹೇಳಲು ಮರೆತೆ.

ಪಶುವೈದ್ಯೆ, ಬೆಂಗಳೂರು:
ನಾಯಿ ಕಚ್ಚಿದ್ದನ್ನು ಮೊದಲು ನೋಡಿ, ಅದು ಸಿಂಬಳಕ್ಕಿಂತ ತುರ್ತು. ಗಾಯವನ್ನು ಈಗಲಾದರೂ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಇವತ್ತೇ ರೇಬಿಸ್ ಲಸಿಕೆಯ ಸರಣಿ ಶುರು ಮಾಡಿಸಿ. ಗಾಯ ಆಗಿದ್ದರಿಂದ ಧನುರ್ವಾಯು ಲಸಿಕೆಯನ್ನೂ ಕೇಳಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವುದು ಇನ್ನೊಂದಿಲ್ಲ. ಕುದುರೆಗೆ ರೇಬಿಸ್ ಬಂದರೆ ಯಾವಾಗಲೂ ನಾಯಿಯ ಹಾಗೆ ಕಚ್ಚಲು ಬರುತ್ತದೆ ಎಂದುಕೊಳ್ಳಬೇಡಿ. ಕೆಲವು ಸಲ ಹೊಟ್ಟೆನೋವಿನ ಹಾಗೆ ಹೊರಳುತ್ತದೆ, ಕಾಲು ಎಳೆಯುತ್ತದೆ, ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಜೊಲ್ಲು ಸುರಿಸುತ್ತದೆ. ಏನು ಸಿಕ್ಕಿದೆ ಎಂದು ಯಾರಾದರೂ ಬಾಯೊಳಗೆ ಕೈ ಹಾಕುತ್ತಾರೆ, ಅಲ್ಲೇ ಅಪಾಯ. ಮುಂದಿನ ಕೆಲವು ತಿಂಗಳು ಆ ಕುದುರೆ ಬಾಯಿಗೆ ಬರಿಗೈ ಬೇಡ. ಕಚ್ಚಿದ ಮೇಲೆ ಜೊಲ್ಲು ಮುಟ್ಟಿದವರಿದ್ದರೆ ಅವರೂ ಆಸ್ಪತ್ರೆಗೆ ಹೋಗಿ ಕೇಳಲಿ.

ತೊಟ್ಟಿ ಖಾಲಿ ಮಾಡಿ, ಪಾಚಿ ಕೆರೆದು, ಸೋಪಿನಲ್ಲಿ ಉಜ್ಜಿ, ಆಮೇಲೆ ಬ್ಲೀಚಿಂಗ್ ದ್ರಾವಣ ಹಾಕಿ. ಕೊಳೆ ಇದ್ದರೆ ಬ್ಲೀಚಿಂಗ್ ಕೆಲಸ ಮಾಡುವುದಿಲ್ಲ. ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಲು ಬಿಡಿ. ಗ್ಲ್ಯಾಂಡರ್ಸ್ ರೋಗಾಣು ಬಿಸಿಲಿಗೆ, ಒಣಗಿದ ಜಾಗಕ್ಕೆ ಬೇಗ ಸಾಯುತ್ತದೆ. ಒದ್ದೆ, ಕತ್ತಲ ಮೂಲೆಯಲ್ಲಿ ವಾರಗಟ್ಟಲೆ ಬದುಕುತ್ತದೆ. ಜೀನು, ಹಗ್ಗಗಳನ್ನೂ ಬಿಸಿಲಿಗೆ ಹಾಕಿ.

ಪ್ರಶ್ನೆ ಕೇಳಿದವನು:
ರಿಪೋರ್ಟ್ ಬಂತು. ಗ್ಲ್ಯಾಂಡರ್ಸ್ ಇಲ್ಲ. ಸಿಂಬಳದಲ್ಲಿ ಸ್ಟ್ರ್ಯಾಂಗಲ್ಸ್ ರೋಗಾಣು ಬೆಳೆದಿದೆ. ಕೆಲವು ವಾರ ಬಿಟ್ಟು ರಕ್ತ ಇನ್ನೊಮ್ಮೆ ನೋಡಬೇಕು ಅಂದಿದ್ದಾರೆ. ಲಾಯದಲ್ಲಿ ಇನ್ನೊಂದು ಕುದುರೆಗೆ ಜ್ವರ ಬಂತು, ಗೋಡೆ ಮೇಲಿನ ಲೆಕ್ಕದಲ್ಲೇ ಗೊತ್ತಾಯಿತು, ಅದನ್ನೂ ಆಚೆ ಕಟ್ಟಿದ್ದೇವೆ. ನಾಯಿ ಕಚ್ಚಿದ ಕುದುರೆಗೆ ಲಸಿಕೆ ನಡೆಯುತ್ತಿದೆ. ಹೊಸ ಕುದುರೆಯ ಗಡ್ಡೆ ಒಡೆದು ಈಗ ಚೆನ್ನಾಗಿ ಮೇಯುತ್ತಿದೆ, ಮೂಗೂ ಒಣಗಿದೆ. ದಸರಾಗೆ ಕಟ್ಟಬಹುದಲ್ಲವಾ ಅಂತ ಮಾವ ಕೇಳುತ್ತಿದ್ದಾರೆ.

ಪಶುವೈದ್ಯೆ, ಬೆಂಗಳೂರು:
ಕಟ್ಟಬೇಡಿ ಎಂದು ನನ್ನ ಹೆಸರಲ್ಲೇ ಮಾವನಿಗೆ ಹೇಳಿ, ಬೈದರೆ ನನ್ನನ್ನು ಬೈಯಲಿ. ಮೂಗು ಒಣಗಿದ ಮೇಲೂ ವಾರಗಟ್ಟಲೆ ರೋಗಾಣು ಬರುತ್ತಿರುತ್ತದೆ. ಕೆಲವು ಕುದುರೆಗಳಲ್ಲಿ ಗಂಟಲ ಹಿಂದಿನ ಗಾಳಿಚೀಲದಲ್ಲಿ ಉಳಿದುಕೊಂಡು ತಿಂಗಳುಗಳ ಕಾಲ, ಅಪರೂಪಕ್ಕೆ ವರ್ಷಗಳ ಕಾಲ ಹಂಚುತ್ತಿರುತ್ತದೆ. ಕುದುರೆ ನೋಡಲು ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿರುತ್ತದೆ. ನಿಮಗೆ ಬಂದ ಕುದುರೆಯೂ ಬಹುಶಃ ಅಂಥ ಇನ್ನೊಂದರ ಪಕ್ಕದಲ್ಲಿ ನಿಂತು ಬಂದದ್ದೇ. ಎಂಡೋಸ್ಕೋಪ್ (ಮೂಗಿನ ಮೂಲಕ ಒಳಗೆ ನೋಡುವ ಕೊಳವೆ) ಇರುವ ಕಡೆ ಗಾಳಿಚೀಲ ತೊಳೆದ ನೀರನ್ನು ಒಮ್ಮೆ ಪರೀಕ್ಷಿಸಿದರೆ ಸಾಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕೇಳಿ ನೋಡಿ. ಅಲ್ಲಿಯವರೆಗೆ ಸಾಗಿಸುವುದು ಕಷ್ಟವಾದರೆ ವಾರಕ್ಕೊಮ್ಮೆಯಂತೆ ಮೂರು ಸಲ ಮೂಗು ಗಂಟಲು ತೊಳೆದ ನೀರನ್ನು ಕಳಿಸಿ. ಮೂರೂ ಶುದ್ಧವೆಂದು ಬಂದ ಮೇಲೆ, ರಕ್ತದ ಎರಡನೇ ರಿಪೋರ್ಟೂ ಸರಿಯಿದ್ದರೆ ಗಾಡಿಗೆ ಕಟ್ಟಿ. ಈ ಸಲದ ದಸರಾಕ್ಕೆ ಅದು ಆಗುವುದಿಲ್ಲ.